ಸಂಪಾದಕರ ಉತ್ತರ: ಜನರಲ್ ಸಾಹೇಬರು ಸೋತದ್ದು ಯಾಕೆ?

ಮಾನ್ಯರೇ,

ನಿಮ್ಮ ಪತ್ರ ಬಂದು ಹನ್ನೆರಡು ದಿನವಾಯಿತು. ನಾಲ್ಕು ಪುಟ, ನೀಲಿ ಶಾಯಿ, ಎಲ್ಲೂ ಒಂದು ಕಾಟಿಲ್ಲ. ಅವಸರದಲ್ಲಿ ಉತ್ತರಿಸುವ ಪತ್ರ ಅದಲ್ಲ ಅನ್ನಿಸಿದ್ದರಿಂದ ತಡವಾಯಿತು, ಕ್ಷಮಿಸಿ.

ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ಕಳೆದ ಸಂಚಿಕೆಯಲ್ಲಿ ನಾವು ಉತ್ತರಾಖಂಡದ ಮುಖ್ಯಮಂತ್ರಿಯಾಗಿದ್ದ ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ ಅವರ ಬದುಕಿನ ಬಗ್ಗೆ ಲೇಖನ ಪ್ರಕಟಿಸಿದ್ದೆವು. ನೀವು ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು, ಖಂಡೂರಿಯವರಂತೆ ನೀವೂ ಎಂಜಿನಿಯರ್ಸ್‌ನವರು. ನಿಮ್ಮ ಮೊದಲ ದೂರು, ಫೋಟೋದ ಕೆಳಗೆ ‘ಶೌರ್ಯ ಪದಕ ಪಡೆದ ಅಧಿಕಾರಿ’ ಎಂದು ಬರೆದದ್ದು ತಪ್ಪು ಎಂಬುದು. ಎರಡನೆಯದು ದೂರಿಗಿಂತ ಹೆಚ್ಚಾಗಿ ಸಂಕಟ. ‘ಇಂಥ ಮನುಷ್ಯನನ್ನೂ ಜನ ಸೋಲಿಸಿದರು ಅಂದಮೇಲೆ ಈ ರಾಜಕಾರಣದಲ್ಲಿ ಏನು ಉಳಿದಿದೆ? ಹತ್ತು ವರ್ಷ ದೇಶವನ್ನು ಮಿಲಿಟರಿಯವರ ಕೈಗೆ ಕೊಡಿ, ತಾನಾಗಿ ಸರಿಹೋಗುತ್ತದೆ’ ಎಂದು ಬರೆದಿದ್ದೀರಿ.

ಮೊದಲನೆಯದಕ್ಕೆ ವಾದವೇ ಇಲ್ಲ. ತಪ್ಪು ನಮ್ಮದು. ಖಂಡೂರಿ ಅವರಿಗೆ 1982ರಲ್ಲಿ ಸಂದದ್ದು ಅತಿ ವಿಶಿಷ್ಟ ಸೇವಾ ಪದಕ. ಹಳದಿ ರಿಬ್ಬನ್ನಿನ ಮೇಲೆ ಎರಡು ಕಡುನೀಲಿ ಗೆರೆ. ಪರಮ ವಿಶಿಷ್ಟಕ್ಕೆ ಒಂದು ಗೆರೆ, ಅತಿ ವಿಶಿಷ್ಟಕ್ಕೆ ಎರಡು, ವಿಶಿಷ್ಟಕ್ಕೆ ಮೂರು ಎಂದು ನೀವು ಪತ್ರದ ಅಂಚಿನಲ್ಲಿ ಚಿತ್ರವನ್ನೇ ಬರೆದು ತೋರಿಸಿದ್ದೀರಿ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಸೇವಾ ಪದಕ ಹಾಗಲ್ಲ, ವರ್ಷಗಟ್ಟಲೆ ಒಂದು ಹೊಣೆಯನ್ನು ಹೊತ್ತು ಅಸಾಧಾರಣವಾಗಿ ನಡೆಸಿಕೊಂಡು ಹೋದದ್ದಕ್ಕೆ. ಎರಡೂ ದೊಡ್ಡವೇ. ಆದರೆ ಒಂದನ್ನು ಇನ್ನೊಂದರ ಹೆಸರಿನಲ್ಲಿ ಕರೆದರೆ ಇಬ್ಬರಿಗೂ ಅವಮಾನ ಎಂದು ನೀವು ಬರೆದಿರುವುದು ಸರಿ. ಈ ಸಂಚಿಕೆಯಲ್ಲೇ ತಿದ್ದುಪಡಿ ಹಾಕಿದ್ದೇವೆ.

ಈ ವ್ಯತ್ಯಾಸ ಬರೀ ಫೋಟೋದ ಅಡಿಬರಹದ ಮಾತಲ್ಲ. ಖಂಡೂರಿ ಅವರ ರಾಜಕೀಯ ಜೀವನ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. 1934ರ ಅಕ್ಟೋಬರ್ 1ರಂದು ಡೆಹ್ರಾಡೂನಿನಲ್ಲಿ ಹುಟ್ಟಿದವರು, 1954ರಿಂದ 1990ರವರೆಗೆ, ಅಂದರೆ 36 ವರ್ಷ, ಕೋರ್ ಆಫ್ ಎಂಜಿನಿಯರ್ಸ್‌ನಲ್ಲಿ ಕಳೆದರು. 1971ರ ಯುದ್ಧದ ಕಾಲಕ್ಕೆ ರೆಜಿಮೆಂಟಿನ ಕಮಾಂಡರ್. ಸ್ಯಾಪರ್‌ಗಳ ಕೆಲಸ ಏನೆಂದು ನಾನು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಪತ್ರದಲ್ಲೇ ನನಗೆ ಅತ್ಯಂತ ಇಷ್ಟವಾದ ಸಾಲು, ನೆಲದಲ್ಲಿ ಹೂತಿಟ್ಟ ಸ್ಫೋಟಕಗಳ, ಅಂದರೆ ಮೈನ್‌ಗಳ, ಬಗ್ಗೆ ನೀವು ಬರೆದದ್ದು: ‘ನಮ್ಮವರು ಮುಂದೆ ಹೋಗಿ, ಇಲ್ಲಿ ಮೈನ್ ಇದೆ, ಇಲ್ಲಿ ಇಲ್ಲ ಅಂತ ಗುರುತು ಹಾಕಬೇಕು. ಗುರುತು ಸುಳ್ಳಾದರೆ ಹಿಂದೆ ಬರುವವನು ಸಾಯುತ್ತಾನೆ.’

ಆ ಸಾಲನ್ನು ಇಟ್ಟುಕೊಂಡೇ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ.

ಸೈನ್ಯ ಬಿಟ್ಟ ಮರುವರ್ಷ, 1991ರಲ್ಲಿ, ಈಗಿನ ಉತ್ತರಾಖಂಡದ ಗಢವಾಲ್ ಕ್ಷೇತ್ರದಿಂದ ಬಿಜೆಪಿಯ ಸಂಸದರಾದರು. ಅದು ನಮ್ಮ ಕೊಡಗಿನಂಥ ಸೀಮೆ, ಮನೆಮನೆಯಲ್ಲೂ ಸೈನ್ಯದ ನಂಟು. ಗಢವಾಲ್ ರೈಫಲ್ಸ್‌ನ ಮನೆಯಾದ ಲ್ಯಾನ್ಸ್‌ಡೌನ್ ಇರುವುದು ಅಲ್ಲೇ. ಖಂಡೂರಿ ಅವರು ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಹೇಮವತಿ ನಂದನ ಬಹುಗುಣ ಅವರ ಬಂಧು ಕೂಡ, ಹಾಗಾಗಿ ರಾಜಕೀಯ ಅವರಿಗೆ ಪೂರ್ತಿ ಹೊರಗಿನದಲ್ಲ. ಅಂಥ ಸೀಮೆಯೂ 1996ರಲ್ಲಿ ಅವರನ್ನು ಸೋಲಿಸಿತು, 1998, 1999, 2004ರಲ್ಲಿ ಮತ್ತೆ ಗೆಲ್ಲಿಸಿತು. ಜನರಲ್ ಸಾಹೇಬ್ ಎಂಬ ಗೌರವ ಒಂದು ಕಡೆ, ಓಟು ಇನ್ನೊಂದು ಕಡೆ. ನಮ್ಮ ಕಾರ್ಯಪ್ಪನವರ ಉದಾಹರಣೆ ನಿಮಗೆ ಗೊತ್ತೇ ಇದೆ. ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕರಾದ ಅವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತು ಸೋತರು. ಅದರಿಂದ ಕಾರ್ಯಪ್ಪನವರು ಸಣ್ಣವರಾಗಲಿಲ್ಲ, ಮತದಾರರೂ ಕೃತಘ್ನರಾಗಲಿಲ್ಲ. ಜನ ಓಟು ಹಾಕುವಾಗ ಸನ್ಮಾನ ಮಾಡುತ್ತಿರುವುದಿಲ್ಲ, ಕೆಲಸಕ್ಕೆ ಆಳನ್ನು ಗೊತ್ತುಮಾಡುತ್ತಿರುತ್ತಾರೆ.

2000ದ ನವೆಂಬರಿನಲ್ಲಿ ವಾಜಪೇಯಿ ಅವರು ಖಂಡೂರಿ ಅವರಿಗೆ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಖಾತೆಯ ಸ್ವತಂತ್ರ ಹೊಣೆ ಕೊಟ್ಟರು. 2003ರಲ್ಲಿ ಸಂಪುಟ ದರ್ಜೆ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಗಳನ್ನು ಜೋಡಿಸುವ ಸುವರ್ಣ ಚತುಷ್ಪಥ, 5,846 ಕಿಲೋಮೀಟರ್. ಲೀಟರ್ ಪೆಟ್ರೋಲು, ಡೀಸೆಲ್ಲಿನ ಮೇಲೆ ಒಂದು ರೂಪಾಯಿ ಸೆಸ್ ಹಾಕಿ ಹಣ ಹೊಂದಿಸಿದ ಯೋಜನೆ. ನನ್ನ ವಯಸ್ಸಿನವರಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳೆಯ ರಸ್ತೆ ಚೆನ್ನಾಗಿ ನೆನಪಿದೆ. ರಾತ್ರಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಡ್ರೈವರ್ ಎಡಗಡೆಯ ಚಕ್ರವನ್ನು ಮಣ್ಣಿಗಿಳಿಸುತ್ತಿದ್ದ, ಹುಣಸೆ ಮರದ ಕೊಂಬೆ ಬಸ್ಸಿನ ತಲೆಯನ್ನು ಬರ್ ಎಂದು ಕೆರೆಯುತ್ತಿತ್ತು. ಸಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ ಎಲ್ಲದರ ಪೇಟೆಯ ನಡುವೆಯೇ ಹಾದು ಹೋಗಬೇಕಿತ್ತು. ಆ ದಾರಿ ನಾಲ್ಕು ಪಥವಾದದ್ದು ಈ ಯೋಜನೆಯಿಂದ. ಅಲ್ಲಿ ಮಂತ್ರಿ ಹುದ್ದೆಯಲ್ಲಿ ಕೂತವರು ಎಂಜಿನಿಯರ್ ಆಗಿದ್ದದ್ದು ಕೆಲಸಕ್ಕೆ ಬಂತು ಎಂದು ನಮ್ಮ ಲೇಖನ ಬರೆದಿತ್ತು. ಆ ಮಾತಿಗೆ ನಾನು ಈಗಲೂ ಬದ್ಧ.

ಆದರೆ ಲೇಖನ ಎರಡು ವಿಷಯ ಬಿಟ್ಟಿತ್ತು. ನೀವು ಕೇಳಿಲ್ಲ, ನಾನೇ ಹೇಳಬೇಕು.

ಒಂದು, 2003ರ ಕೊನೆಯ ಗಡುವಿಗೆ ಚತುಷ್ಪಥ ಮುಗಿಯಲಿಲ್ಲ. ಪೂರ್ಣವಾಯಿತೆಂದು ಘೋಷಿಸುವಾಗ 2012 ಆಗಿತ್ತು. ನಮ್ಮಲ್ಲೇ ಹುಬ್ಬಳ್ಳಿ–ಧಾರವಾಡ ಬೈಪಾಸ್ ಎರಡೇ ಪಥದಲ್ಲಿ ವರ್ಷಗಟ್ಟಲೆ ಉಳಿಯಿತು. 2021ರ ಸಂಕ್ರಾಂತಿಯ ಹೊತ್ತಿಗೆ ದಾವಣಗೆರೆಯ ಗೆಳತಿಯರಿದ್ದ ಟೆಂಪೋ ಟ್ರಾವೆಲರ್ ಟಿಪ್ಪರಿಗೆ ಡಿಕ್ಕಿಯಾಗಿ ನುಚ್ಚುನೂರಾದದ್ದು ಅದೇ ಬೈಪಾಸಿನಲ್ಲಿ. ಇದಕ್ಕೆಲ್ಲ ಖಂಡೂರಿ ಒಬ್ಬರೇ ಕಾರಣ ಎಂದರೆ ಅನ್ಯಾಯ. ರಸ್ತೆ ಎಂದರೆ ಒಬ್ಬ ಮಂತ್ರಿಯ ಹೆಸರು ಹೇಳಿ ಮುಗಿಸುವ ವಿಷಯವಲ್ಲ ಅಂತಷ್ಟೇ.

ಇನ್ನೊಂದು, ಸತ್ಯೇಂದ್ರ ದುಬೆ. ಇದನ್ನು ಲೇಖನದಲ್ಲಿ ಬಿಟ್ಟದ್ದಕ್ಕೆ ನನಗೆ ಅಡಿಬರಹದ ತಪ್ಪಿಗಿಂತ ಹೆಚ್ಚು ಬೇಸರವಿದೆ. ಐಐಟಿ ಕಾನ್ಪುರದಲ್ಲಿ ಓದಿದ ಸಿವಿಲ್ ಎಂಜಿನಿಯರ್, ಹೆದ್ದಾರಿ ಪ್ರಾಧಿಕಾರದ ನೌಕರ, ಜಾರ್ಖಂಡಿನ ಕೋಡರ್ಮಾದಲ್ಲಿ ಇದೇ ಸುವರ್ಣ ಚತುಷ್ಪಥದ ಕೆಲಸ. ಗುತ್ತಿಗೆಯಲ್ಲಿ ನಡೆಯುತ್ತಿದ್ದ ಅವ್ಯವಹಾರ, ಕಳಪೆ ಕೆಲಸ ಕಂಡು 2002ರ ನವೆಂಬರಿನಲ್ಲಿ ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದರು. ನನ್ನ ಹೆಸರು ಹೊರಗೆ ಬರದಂತೆ ನೋಡಿಕೊಳ್ಳಿ ಎಂದು ಕೇಳಿಕೊಂಡಿದ್ದರು. ತಮ್ಮ ವಿವರವನ್ನು ಬೇರೆಯೇ ಹಾಳೆಯಲ್ಲಿ ಬರೆದು ಲಗತ್ತಿಸಿದ್ದರು. ಆ ಪತ್ರ ಹೆಸರಿನ ಸಮೇತ ಕಾರ್ಯಾಲಯದಿಂದ ರಸ್ತೆ ಸಾರಿಗೆ ಸಚಿವಾಲಯಕ್ಕೆ, ಅಲ್ಲಿಂದ ಪ್ರಾಧಿಕಾರಕ್ಕೆ ಮೇಜಿನಿಂದ ಮೇಜಿಗೆ ನಡೆಯಿತು. 2003ರ ನವೆಂಬರ್ 27ರ ಬೆಳಗಿನ ಜಾವ, ಮದುವೆಯೊಂದಕ್ಕೆ ಹೋಗಿ ರೈಲಿನಲ್ಲಿ ಮರಳಿದ್ದ ಅವರನ್ನು ಗಯಾದಲ್ಲಿ ಗುಂಡಿಟ್ಟು ಕೊಂದರು. ಮೂವತ್ತರ ವಯಸ್ಸು. 2010ರಲ್ಲಿ ಪಟ್ನಾದ ನ್ಯಾಯಾಲಯ ಮೂವರನ್ನು ಅಪರಾಧಿಗಳೆಂದು ತೀರ್ಮಾನಿಸಿತು, ಸಿಬಿಐ ಅದನ್ನು ದರೋಡೆಯ ಕೊಲೆ ಎಂದಿತ್ತು. ಆ ತೀರ್ಮಾನ ಏನೇ ಇರಲಿ, ಗುಟ್ಟಾಗಿಡಿ ಎಂದು ಕೈಮುಗಿದ ಮನುಷ್ಯನ ಹೆಸರನ್ನು ಸರ್ಕಾರ ಗುಟ್ಟಾಗಿಡಲಿಲ್ಲ ಎಂಬುದು ಬದಲಾಗುವುದಿಲ್ಲ.

ನಿಮ್ಮ ಸಾಲಿಗೆ ಮತ್ತೆ ಬನ್ನಿ. ದುಬೆ ಮಾಡಿದ್ದು ಸ್ಯಾಪರ್ ಕೆಲಸವೇ. ಇಲ್ಲಿ ಮೈನ್ ಇದೆ ಎಂದು ಗುರುತು ಹಾಕಿದರು. ಆಗ ಆ ಖಾತೆಯ ಮೇಲ್ತುದಿಯಲ್ಲಿ ಕೂತಿದ್ದವರು ಸ್ಯಾಪರ್ ಜನರಲ್. ಖಂಡೂರಿ ಅವರು ಕೈಯಾರೆ ಆ ಪತ್ರ ಮುಟ್ಟಿದರು ಎಂದು ನಾನು ಹೇಳುತ್ತಿಲ್ಲ. ತಮ್ಮ ಪ್ರಾಮಾಣಿಕತೆಯ ಬಗ್ಗೆ ಯಾರೂ ಬೆರಳು ತೋರದಂತೆ ಬದುಕಿದ ಮಂತ್ರಿಯ ಕೈಕೆಳಗಿನ ಕಡತದ ದಾರಿಯಲ್ಲೇ ಒಬ್ಬ ಪ್ರಾಮಾಣಿಕ ನೌಕರ ಬಯಲಾದರು. ಮೇಲೆ ಕೂತವನು ಶುದ್ಧನಾಗಿದ್ದರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ನಿಮ್ಮ ನಂಬಿಕೆಗೆ ನಾನು ಕೊಡಬಹುದಾದ ಉತ್ತರ ಇದೊಂದೇ. ಬೇಕಾದದ್ದು ಕಡತಕ್ಕೆ ಬೀಗ, ಬೀಗಕ್ಕೊಂದು ಕಾನೂನು. ಆ ಕೊಲೆಯ ನಂತರವೇ, ಸುಪ್ರೀಂ ಕೋರ್ಟ್ ಒತ್ತಾಯಿಸಿದ ಮೇಲೆ, 2004ರ ಏಪ್ರಿಲಿನಲ್ಲಿ ಅಕ್ರಮ ಬಯಲು ಮಾಡುವವರ ಹೆಸರು ಕಾಯುವ ನಿರ್ಣಯ ಹೊರಬಿತ್ತು. ಕಾಯ್ದೆಯಾಗಲು 2014 ಬಂತು.

ಇನ್ನು ಮುಖ್ಯಮಂತ್ರಿಯ ಕಾಲ. 2007ರ ಮಾರ್ಚಿನಲ್ಲಿ ಖಂಡೂರಿ ಉತ್ತರಾಖಂಡದ ಮುಖ್ಯಮಂತ್ರಿಯಾದರು. ಸಂಸದರಾಗಿದ್ದವರಿಗೆ ವಿಧಾನಸಭೆಯ ಸೀಟು ಬೇಕಿತ್ತು. ಧುಮಾಕೋಟ್ ಕ್ಷೇತ್ರದ ಕಾಂಗ್ರೆಸ್ ಶಾಸಕ ರಾಜೀನಾಮೆ ಕೊಟ್ಟು ಜಾಗ ಬಿಟ್ಟುಕೊಟ್ಟರು. ಅವರೂ ನಿವೃತ್ತ ಲೆಫ್ಟಿನೆಂಟ್ ಜನರಲ್, ಟಿ.ಪಿ.ಎಸ್. ರಾವತ್. ಮುಂದೆ ರಾವತ್ ಅವರು ಬಿಜೆಪಿ ಸೇರಿ, ಖಂಡೂರಿ ತೆರವು ಮಾಡಿದ ಗಢವಾಲ್ ಲೋಕಸಭಾ ಕ್ಷೇತ್ರದಿಂದಲೇ ಉಪಚುನಾವಣೆ ಗೆದ್ದರು. ಇದು ತಪ್ಪೆಂದಲ್ಲ. ಆದರೆ ಸಮವಸ್ತ್ರ ಕಳಚಿಟ್ಟು ಬಂದ ಮೇಲೆ ಜನರಲ್‌ಗಳೂ ಆಡುವುದು ಇದೇ ಆಟ, ಇದೇ ಲೆಕ್ಕಾಚಾರ. ಬೇರೆ ಆಟ ಇಲ್ಲಿಲ್ಲ.

ಎರಡು ವರ್ಷ ತುಂಬುವಷ್ಟರಲ್ಲಿ ಅವರದೇ ಪಕ್ಷದ ಶಾಸಕರು ದೆಹಲಿಗೆ ದೂರು ಒಯ್ದರು. ಮಾತಿಗೆ ಸಿಗುವುದಿಲ್ಲ, ಬಗ್ಗುವುದಿಲ್ಲ ಎಂಬುದು ದೂರು. 2009ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ಐದಕ್ಕೆ ಐದೂ ಸೀಟು ಹೋದವು, ಕುರ್ಚಿಯೂ ಹೋಯಿತು. ಶಾಸಕರ ದೂರಿನಲ್ಲಿ ಸ್ವಾರ್ಥ ಎಷ್ಟಿತ್ತೋ, ನಿಜವೂ ಸ್ವಲ್ಪ ಇತ್ತು ಅನ್ನುವುದು ನನ್ನ ಅನಿಸಿಕೆ. ಪಲ್ಟನ್ನಿನಲ್ಲಿ ಒಮ್ಮೆ ಆದೇಶ ಹೊರಟರೆ ಮುಗಿಯಿತು. ಶಾಸಕ ಹಾಗಲ್ಲ, ಅವನ ಬೆನ್ನಿಗೆ ಅವನ ಊರು ನಿಂತಿರುತ್ತದೆ, ಅವನನ್ನು ಕೂರಿಸಿಕೊಂಡು ಮಾತಾಡಲೇಬೇಕು.

2011. ಆ ವರ್ಷ ನಮ್ಮ ರಾಜ್ಯದವರಿಗೆ ಮರೆಯುವಂಥದ್ದಲ್ಲ. ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿ ಬಂತು, ತಿಂಗಳ ಕೊನೆಗೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಲೋಕಾಯುಕ್ತ ಎಂಬ ಪದಕ್ಕೆ ಹಲ್ಲು ಎಷ್ಟಿರಬಹುದು ಎಂದು ದೇಶ ಕಂಡದ್ದು ಬೆಂಗಳೂರಿನಲ್ಲಿ. ಸೆಪ್ಟೆಂಬರಿನಲ್ಲಿ ಬಿಜೆಪಿ ಖಂಡೂರಿ ಅವರನ್ನು ಮತ್ತೆ ಡೆಹ್ರಾಡೂನಿಗೆ ಕರೆತಂದಿತು. ನವೆಂಬರ್ 1ರಂದು, ನಾವಿಲ್ಲಿ ರಾಜ್ಯೋತ್ಸವ ಮಾಡುತ್ತಿದ್ದ ದಿನವೇ, ಅಲ್ಲಿನ ವಿಧಾನಸಭೆ ಅವರ ಲೋಕಾಯುಕ್ತ ಮಸೂದೆಯನ್ನು ಪಾಸು ಮಾಡಿತು. ಮುಖ್ಯಮಂತ್ರಿಯೂ ಅದರ ವ್ಯಾಪ್ತಿಯೊಳಗೆ. ಅಣ್ಣಾ ಹಜಾರೆ ಬಳಗ ಮೆಚ್ಚಿತು. ಆದರೆ ಒಂದು ಕಲಂ ಇತ್ತು. ಮುಖ್ಯಮಂತ್ರಿ, ಮಂತ್ರಿ, ಶಾಸಕರ ಮೇಲೆ ತನಿಖೆಗೆ ಕೈಹಾಕಬೇಕಾದರೆ ಲೋಕಾಯುಕ್ತದ ಎಲ್ಲ ಸದಸ್ಯರೂ ಒಮ್ಮತದಿಂದ ಒಪ್ಪಬೇಕು. ಒಬ್ಬ ಸದಸ್ಯ ತಲೆಯಾಡಿಸದಿದ್ದರೆ ಕಡತ ಅಲ್ಲಿಗೇ ನಿಂತಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಂತೆ. ಕೊನೆಗೆ ಅದು ಜಾರಿಗೂ ಬರಲಿಲ್ಲ, ಮುಂದಿನ ಕಾಂಗ್ರೆಸ್ ಸರ್ಕಾರ ಅದರ ಜಾಗಕ್ಕೆ ತನ್ನದೇ ಕಾಯ್ದೆ ತಂದಿತು. ಆ ಸರ್ಕಾರದ ಮೊದಲ ಮುಖ್ಯಮಂತ್ರಿ ವಿಜಯ್ ಬಹುಗುಣ, ಖಂಡೂರಿ ಅವರ ಸೋದರ ಸಂಬಂಧಿ.

2012ರ ಚುನಾವಣೆಯಲ್ಲಿ ಬಿಜೆಪಿಯ ಘೋಷಣೆ ‘ಖಂಡೂರಿ ಹೈ ಜರೂರಿ’, ಖಂಡೂರಿ ಬೇಕೇ ಬೇಕು. ಎಪ್ಪತ್ತು ಸೀಟಿನಲ್ಲಿ ಕಾಂಗ್ರೆಸ್‌ಗೆ 32, ಬಿಜೆಪಿಗೆ 31. ಬೇಕೇ ಬೇಕು ಎನ್ನಿಸಿಕೊಂಡವರು ಕೋಟ್‌ದ್ವಾರದಲ್ಲಿ ಸುರೇಂದ್ರ ಸಿಂಗ್ ನೇಗಿ ಅವರ ಎದುರು ಸುಮಾರು 4,600 ಓಟಿನಿಂದ ಸೋತರು. ಅವರು ಆ ಸೀಟು ಗೆದ್ದಿದ್ದರೆ ಲೆಕ್ಕ ತಿರುಗಿ ಬೀಳುತ್ತಿತ್ತು. ಒಳಗಿನವರೇ ಕೈಕೊಟ್ಟರು ಎಂಬ ಮಾತು ಆಗಲೇ ಇತ್ತು. ನಿಮ್ಮ ಪತ್ರದಲ್ಲಿ ಈ ಸೋಲಿನ ಬಗ್ಗೆಯೇ ಹೆಚ್ಚು ಸಿಟ್ಟಿದೆ. ನಾನು ಮಾತ್ರ ಕೋಟ್‌ದ್ವಾರದ ಮತದಾರನನ್ನು ಬೈಯಲಾರೆ. ಹತ್ತು ವರ್ಷದ ನಂತರ, 2022ರಲ್ಲಿ, ಅದೇ ಕೋಟ್‌ದ್ವಾರ ಅದೇ ನೇಗಿ ಅವರನ್ನು ಸೋಲಿಸಿ ಖಂಡೂರಿ ಅವರ ಮಗಳು ಋತು ಅವರನ್ನು ಗೆಲ್ಲಿಸಿತು, ಅವರು ಆ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆದರು. ಮಗ ಮನೀಶ್ 2019ರಲ್ಲಿ ಕಾಂಗ್ರೆಸ್ ಸೇರಿ ತಂದೆಯ ಕ್ಷೇತ್ರದಲ್ಲೇ ನಿಂತು ಸೋತಿದ್ದರು.

ಮನೀಶ್ ಅವರು ಪಕ್ಷ ಬದಲಿಸಿದ್ದರ ಹಿಂದೆ ಒಂದು ಕಥೆ ಇದೆ. ನನ್ನ ಮಟ್ಟಿಗೆ ಖಂಡೂರಿ ಅವರ ಇಡೀ ರಾಜಕೀಯ ಬದುಕಿನಲ್ಲಿ ಅತ್ಯಂತ ದೊಡ್ಡ ಘಟ್ಟ ಅದು. ರಸ್ತೆಗಿಂತ ದೊಡ್ಡದು.

2014ರಲ್ಲಿ ಮತ್ತೆ ಸಂಸದರಾದ ಮೇಲೆ ರಕ್ಷಣಾ ಖಾತೆಯ ಸಂಸದೀಯ ಸ್ಥಾಯಿ ಸಮಿತಿಗೆ ಅಧ್ಯಕ್ಷರಾದರು. ಇಂಥ ಸಮಿತಿಯ ಸಭೆಗಳು ಬಾಗಿಲು ಹಾಕಿಕೊಂಡು ನಡೆಯುತ್ತವೆ, ಟಿವಿಯಲ್ಲಿ ಬರುವುದಿಲ್ಲ. ಎಲ್ಲ ಪಕ್ಷದವರೂ ಮೇಜಿನ ಸುತ್ತ ಕೂತು ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳುತ್ತಾರೆ, ವರದಿ ಬರೆಯುತ್ತಾರೆ. 2018ರ ಮಾರ್ಚಿನಲ್ಲಿ ಸಂಸತ್ತಿಗೆ ಬಂದ ವರದಿಯನ್ನು ತೆರೆದು ನೋಡಿ. ಸೈನ್ಯದ ಉಪ ಮುಖ್ಯಸ್ಥರೇ ಸಮಿತಿಯ ಎದುರು ಹೇಳಿದ ಲೆಕ್ಕ ಅಲ್ಲಿದೆ. ನಮ್ಮ ಭೂಸೇನೆಯ ಸಲಕರಣೆಯಲ್ಲಿ ಶೇಕಡ 68ರಷ್ಟು ಹಳೆಯ ಕಾಲದ್ದು, 24ರಷ್ಟು ಚಾಲ್ತಿಯ ಮಟ್ಟದ್ದು, ಅತ್ಯಾಧುನಿಕ ಎನ್ನುವಂಥದ್ದು 8. ಹಳೆಯದು ಮೂರನೇ ಒಂದು ಭಾಗ ಮೀರಬಾರದು ಎಂಬುದು ಸೈನ್ಯದ್ದೇ ಅಳತೆ. ಆಧುನೀಕರಣಕ್ಕೆ ಬಜೆಟ್ ಕೊಟ್ಟದ್ದು 21,338 ಕೋಟಿ ರೂಪಾಯಿ. ಆಗಲೇ ಒಪ್ಪಿಕೊಂಡಿದ್ದ ಖರೀದಿಗಳಿಗೆ ಕಟ್ಟಬೇಕಿದ್ದ ಹಣವೇ 29,033 ಕೋಟಿ. ಅಂದರೆ ಹಳೆಯ ಬಾಕಿ ತೀರಿಸಲೂ ಸಾಲದು, ಹೊಸದರ ಮಾತೆಲ್ಲಿ?

ಇದನ್ನು ವಿರೋಧ ಪಕ್ಷದವರು ಭಾಷಣದಲ್ಲಿ ಹೇಳಿದ್ದರೆ ಒಂದು ದಿನದ ಸುದ್ದಿ. ಹೇಳಿದ್ದು ಆಳುವ ಪಕ್ಷದ ಸಂಸದ ಅಧ್ಯಕ್ಷರಾಗಿದ್ದ ಸಮಿತಿ, ಸಹಿ ಹಾಕಿದ್ದು ಮೇಜರ್ ಜನರಲ್. ಚುನಾವಣೆಗೆ ಒಂದೇ ವರ್ಷ ಇದ್ದಾಗ, ರಕ್ಷಣೆಯ ವಿಷಯದಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಕೇಳಿಸಿಕೊಳ್ಳಲು ಸರ್ಕಾರ ಬಯಸುವ ಹೊತ್ತಿನಲ್ಲಿ. ಬೇರೆಯವರಾದರೆ ಅಂಕಿಗಳನ್ನು ಅನುಬಂಧದ ಮೂಲೆಗೆ ತಳ್ಳುತ್ತಿದ್ದರು. ಇಲ್ಲಿ ಅವು ಎದ್ದುಕಾಣುವ ಜಾಗದಲ್ಲಿ ಕೂತವು. ಇಲ್ಲಿ ಮೈನ್ ಇದೆ ಎಂದು ಬಾವುಟ ನೆಟ್ಟಂತೆ.

ಆ ಸೆಪ್ಟೆಂಬರಿನಲ್ಲಿ ಸಮಿತಿಗಳ ಪುನರ್ರಚನೆಯಾದಾಗ ಅಧ್ಯಕ್ಷ ಸ್ಥಾನ ಕಲರಾಜ್ ಮಿಶ್ರಾ ಅವರಿಗೆ ಹೋಯಿತು. ಖಂಡೂರಿ ಅವರ ಆರೋಗ್ಯ ಸರಿಯಿರಲಿಲ್ಲ ಎಂಬ ಮಾತು ಒಂದು ಕಡೆ. ಪ್ರಶ್ನೆ ಕೇಳಿದ್ದಕ್ಕೇ ತೆಗೆದರು ಎಂಬ ಆರೋಪ ಇನ್ನೊಂದು ಕಡೆ. ಡೆಹ್ರಾಡೂನಿನ ಸಭೆಯಲ್ಲಿ ಮನೀಶ್ ಅವರನ್ನು ಪಕ್ಷಕ್ಕೆ ಸೇರಿಸಿಕೊಳ್ಳುವಾಗ ರಾಹುಲ್ ಗಾಂಧಿ ಅದನ್ನೇ ಹೇಳಿದರು. ಯಾವುದು ನಿಜವೆಂದು ತೀರ್ಪು ಕೊಡುವ ಅಗತ್ಯ ನನಗಿಲ್ಲ. ವರದಿ ಸಂಸತ್ತಿನ ದಾಖಲೆಯಲ್ಲಿ ಕೂತಿದೆ, ಅಧ್ಯಕ್ಷರು ಬದಲಾದರೂ ಅದನ್ನು ಅಲ್ಲಿಂದ ಎತ್ತಲಾಗುವುದಿಲ್ಲ.

ಈಗ ನಿಮ್ಮ ಮಾತು, ಹತ್ತು ವರ್ಷ ಮಿಲಿಟರಿಗೆ ಕೊಡಿ ಎಂದದ್ದು. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಸಲಹೆಯನ್ನು ಒಪ್ಪಲಾರೆ. ಆ ವರದಿ ಹುಟ್ಟಿದ್ದು ಹೇಗೆ ನೋಡಿ. ಸಮವಸ್ತ್ರದಲ್ಲಿದ್ದ ಸೇನಾಧಿಕಾರಿ ಚುನಾಯಿತರ ಎದುರು ಬಂದು ಕೂತು ಲೆಕ್ಕ ಕೊಟ್ಟರು. ಚುನಾಯಿತರು ಅದನ್ನು ಬರೆದು ದೇಶದ ಮುಂದಿಟ್ಟರು. ಸೈನ್ಯವೇ ಆಳುವ ಕಡೆ ಈ ಮೇಜೇ ಇರುವುದಿಲ್ಲ. ಸಲಕರಣೆ ಹಳೆಯದಾಗಿದೆ ಎಂದು ಯಾರು ಯಾರಿಗೆ ಹೇಳಬೇಕು? ಹೇಳಿದವನ ಗತಿ ಏನು? ಸೇವೆಯಲ್ಲಿರುವ ಸೈನಿಕ ರಾಜಕೀಯ ಸಭೆಯಲ್ಲಿ ಭಾಗವಹಿಸಬಾರದು ಎಂದು ನಿಮ್ಮ ಸೇನಾ ನಿಯಮಗಳೇ ಹೇಳುತ್ತವೆ. ನೀವು ಅದನ್ನು ಇಪ್ಪತ್ತನಾಲ್ಕು ವರ್ಷ ಪಾಲಿಸಿದವರು. ಖಂಡೂರಿ ಕೂಡ 36 ವರ್ಷ ಅದನ್ನು ಪಾಲಿಸಿ, ಆಮೇಲೆ ಸಾಮಾನ್ಯ ಅಭ್ಯರ್ಥಿಯಾಗಿ ಓಟು ಕೇಳಲು ಬಂದರು. ಸೋತಾಗ ಮನೆಗೆ ಹೋದರು. ಅವರ ಬಗ್ಗೆ ನನಗಿರುವ ಗೌರವದಲ್ಲಿ ಆ ಸೋಲುಗಳಿಗೂ ಪಾಲಿದೆ.

ಕೊನೆಯದಾಗಿ ಒಂದು ಕೋರಿಕೆ. ಪತ್ರದ ಮೂರನೇ ಪುಟದ ಅಂಚಿನಲ್ಲಿ, ಬೇರೆ ಮಾತಿನ ನಡುವೆ, 1971ರ ಡಿಸೆಂಬರಿನಲ್ಲಿ ಬಸಂತರ್ ನದಿಯ ಹತ್ತಿರ ರಾತ್ರಿ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ ತಂಡದಲ್ಲಿದ್ದೆ ಎಂದು ಅರ್ಧ ಸಾಲು ಬರೆದು ಬಿಟ್ಟಿದ್ದೀರಿ. ಚಳಿ ಎಷ್ಟಿತ್ತು, ನೆಲ ಹೇಗಿತ್ತು, ಗುರುತಿನ ಟೇಪು ಯಾರ ಕೈಯಲ್ಲಿತ್ತು, ಮೊದಲ ಟ್ಯಾಂಕು ನೀವು ಮಾಡಿದ ದಾರಿಯ ಮೇಲೆ ಹಾದಾಗ ನೀವು ಎಲ್ಲಿ ನಿಂತಿದ್ದಿರಿ, ಇವನ್ನೆಲ್ಲ ಬರೆದು ಕಳಿಸಿ. ಎಷ್ಟು ಪುಟವಾದರೂ ಸರಿ. ಅಡಿಬರಹವನ್ನು ಈ ಸಲ ಅಚ್ಚಿಗೆ ಮೊದಲು ನಿಮಗೇ ಓದಿ ತೋರಿಸುತ್ತೇವೆ.

ಇತಿ ನಿಮ್ಮ,
ಸಂಪಾದಕ